ಪೋರ್ಟ್ ಫಾರ್ವರ್ಡಿಂಗ್ ಮತ್ತು ಕಾವಲು ಕ್ಯಾಮೆರಾ

ಹೊರಗಿನ ಅಂತರ್ಜಾಲದಿಂದ ಬಂದ ಕರೆಯನ್ನು ಒಳಗಿನ ಇಂಥದೇ ಉಪಕರಣಕ್ಕೆ ದಾಟಿಸು ಎಂದು ರೂಟರ್‌ನಲ್ಲಿ ಬರೆದಿಡುವ ನಿಯಮವೇ ಪೋರ್ಟ್ ಫಾರ್ವರ್ಡಿಂಗ್. ಮನೆಗೋ ಅಂಗಡಿಗೋ ಸಿಸಿಟಿವಿ ಹಾಕಿಸಿದವರು ಅದರ ಚಿತ್ರವನ್ನು ಬೇರೆ ಊರಿನಿಂದ ಮೊಬೈಲ್‌ನಲ್ಲಿ ನೋಡಲು ಬಹುಕಾಲ ಬಳಸಿದ ದಾರಿ ಇದು. ಮಲೆನಾಡಿನ ಮನೆಯಂಗಳದಲ್ಲಿ ಅಡಿಕೆ ಒಣಗಲು ಹರವಿರುತ್ತದೆ, ಒಳಗೆ ವಯಸ್ಸಾದ ತಂದೆತಾಯಿ ಇಬ್ಬರೇ ಇರುತ್ತಾರೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಅಂಥವರಿಗೆ ಆ ಪುಟ್ಟ ಪರದೆ ಕಳ್ಳರ ಕಾವಲಿಗಿಂತ ಹೆಚ್ಚಿನದು: ಅಮ್ಮ ಎಂದಿನಂತೆ ಎದ್ದು ಬಾಗಿಲಿಗೆ ನೀರು ಹಾಕಿದಳೆಂದು ತಿಳಿಯುವ ನೆಮ್ಮದಿ. ಅದೇ ಅಂಗಳ ಅಪರಿಚಿತರ ಕಣ್ಣಿಗೂ ಬೀಳಬಹುದೆಂಬುದರಿಂದ ಈ ತಂತ್ರವನ್ನು ಅದರ ಅಪಾಯದ ಜೊತೆಗೇ ತಿಳಿಯಬೇಕಾಗುತ್ತದೆ.

ಇಂಥ ನಿಯಮ ಬೇಕಾದದ್ದು ವಿಳಾಸಗಳ ಬರದಿಂದ. ಐಪಿ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಇವು ಸಾಲುವುದಿಲ್ಲವೆಂದು ತೊಂಬತ್ತರ ದಶಕದ ಆರಂಭದಲ್ಲೇ ಗೊತ್ತಾಗಿತ್ತು. ಒಂದು ಸಾರ್ವಜನಿಕ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಕೂರಿಸುವ ವಿಳಾಸ ಪರಿವರ್ತನೆ, ಅಂದರೆ ನ್ಯಾಟ್, 1994ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1631 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಬರೆದವರು ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್. ಅವರ ಮಟ್ಟಿಗೆ ಅದು ಅಲ್ಪಕಾಲದ ಪರಿಹಾರ. ಮೂವತ್ತು ವರ್ಷ ದಾಟಿದರೂ ನಮ್ಮ ಮನೆಗಳು ಅದರ ಮೇಲೇ ನಡೆಯುತ್ತಿವೆ. 1996ರಲ್ಲಿ ಆರ್‌ಎಫ್‌ಸಿ 1918 ಒಳಬಳಕೆಗೆಂದು ಮೂರು ಸಾಲು ವಿಳಾಸಗಳನ್ನು ಮೀಸಲಿಟ್ಟಿತು. 192.168ರಿಂದ ಶುರುವಾಗುವ ವಿಳಾಸಗಳು ಮನೆಮನೆಯಲ್ಲೂ ಕಾಣುವುದು ಈ ಕಾರಣಕ್ಕೆ.

ಒಳಗಿನ ಮೊಬೈಲ್ ಹೊರಗೆ ಏನನ್ನಾದರೂ ಕೇಳಿದರೆ ರೂಟರ್ ಅದನ್ನು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ, ಉತ್ತರ ಬಂದಾಗ ಅದೇ ಮೊಬೈಲ್‌ಗೆ ಕೊಡುತ್ತದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದ ಕರೆಗೆ ಪಟ್ಟಿಯಲ್ಲಿ ಜಾಗವಿಲ್ಲ. ಅದು ಹೊಸ್ತಿಲಲ್ಲೇ ಬಿದ್ದುಹೋಗುತ್ತದೆ. ನ್ಯಾಟನ್ನು ಕಾವಲಿಗೆಂದು ಮಾಡಲಿಲ್ಲ. ಆದರೂ ಕಾವಲಿನ ಕೆಲಸವನ್ನು ಅದು ಸಾಕಷ್ಟು ಮಾಡುತ್ತ ಬಂದಿದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಮರೆಯಲ್ಲಿ ನಾವೇ ಕೈಯಾರೆ ಒಂದು ಕಿಂಡಿ ತೆಗೆಯುವುದು.

ಪೋರ್ಟ್ ಎಂಬುದು 0ರಿಂದ 65535ರವರೆಗಿನ ಒಂದು ಸಂಖ್ಯೆ. ಒಂದೇ ವಿಳಾಸದಲ್ಲಿ ಯಾವ ಸೇವೆಗೆ ಬಂದ ಕರೆ ಎಂಬುದನ್ನು ಅದು ಹೇಳುತ್ತದೆ. ವೆಬ್ ಪುಟಕ್ಕೆ 80, ವಿಡಿಯೊ ಹರಿವಿನ ಆರ್‌ಟಿಎಸ್‌ಪಿಗೆ 554 ರೂಢಿ. ಹಿಕ್‌ವಿಷನ್ ಉಪಕರಣಗಳು ತಮ್ಮ ಆ್ಯಪ್ ಜೊತೆ ಮಾತಾಡಲು 8000, ದಾಹುವಾದವು 37777 ಪೋರ್ಟನ್ನು ಬಳಸುತ್ತವೆ.

ನಿಯಮ ಬರೆಯುವುದು ಕಷ್ಟವಲ್ಲ. ಕ್ಯಾಮೆರಾಗಳ ಚಿತ್ರ ಸೇರುವ ಡಿವಿಆರ್‌ನ ಒಳವಿಳಾಸ 192.168.1.50 ಎಂದಿಟ್ಟುಕೊಳ್ಳಿ. ರೂಟರ್‌ನ ನಿರ್ವಹಣಾ ಪುಟದಲ್ಲಿ ವರ್ಚುವಲ್ ಸರ್ವರ್ ಅಥವಾ ಪೋರ್ಟ್ ಫಾರ್ವರ್ಡಿಂಗ್ ಎಂಬ ಜಾಗಕ್ಕೆ ಹೋಗಿ ಹೊರಪೋರ್ಟ್ 37777, ಒಳವಿಳಾಸ 192.168.1.50, ಒಳಪೋರ್ಟ್ 37777, ಬಗೆ ಟಿಸಿಪಿ ಎಂದು ತುಂಬಿ ಉಳಿಸಿದರೆ ಮುಗಿಯಿತು. ಎಡವುವುದು ಇದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ರೂಟರ್ ಒಳವಿಳಾಸಗಳನ್ನು ಕೊಡುವುದು ಕಡದ ಲೆಕ್ಕದಲ್ಲಿ. ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಬಂದಾಗ ರೂಟರ್ ಮತ್ತು ಡಿವಿಆರ್ ಎರಡೂ ಹೊಸದಾಗಿ ಏಳುತ್ತವೆ. 50 ಇದ್ದದ್ದು 23 ಆಗಿರಬಹುದು. ನಿಯಮ ಮಾತ್ರ ಹಳೆಯ 50ಕ್ಕೇ ಕರೆ ದಾಟಿಸುತ್ತಿರುತ್ತದೆ. "ನಿನ್ನೆವರೆಗೂ ಚೆನ್ನಾಗಿ ಬರ್ತಿತ್ತು" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಡಿವಿಆರ್‌ನ ಮ್ಯಾಕ್ ಸಂಖ್ಯೆಯನ್ನು ರೂಟರ್‌ಗೆ ಕೊಟ್ಟು ಆ ವಿಳಾಸವನ್ನು ಕಾಯ್ದಿರಿಸಿಬಿಟ್ಟರೆ ಈ ತೊಂದರೆ ತೀರುತ್ತದೆ.

ಪರೀಕ್ಷಿಸುವಾಗ ಮೊಬೈಲ್‌ನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಬೇಕು. ಮನೆಯೊಳಗಿಂದಲೇ ಮನೆಯ ಸಾರ್ವಜನಿಕ ವಿಳಾಸವನ್ನು ಕರೆದರೆ ಅದನ್ನು ಒಳಕ್ಕೆ ತಿರುಗಿಸಿಕೊಳ್ಳಲು ಕೆಲವು ರೂಟರ್‌ಗಳಿಗೆ ಬರುವುದಿಲ್ಲ. ಸಾರ್ವಜನಿಕ ವಿಳಾಸವೂ ಆಗಾಗ ಬದಲಾಗುವುದರಿಂದ ಅದಕ್ಕೊಂದು ಖಾಯಂ ಹೆಸರು ಕೊಡುವ ಡಿಡಿಎನ್‌ಎಸ್ ಸೇವೆ ಬೇಕಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಚಿತ್ರ ಬರದಿದ್ದರೆ ತಪ್ಪು ಮನೆಯೊಳಗಿನದಲ್ಲದೇ ಇರಬಹುದು. ಜಗತ್ತಿಗೆಲ್ಲ ಐಪಿ ವಿಳಾಸ ಹಂಚುವ ಐಎಎನ್‌ಎ ತನ್ನಲ್ಲಿ ಉಳಿದಿದ್ದ ಕೊನೆಯ ವಿಳಾಸಗುಚ್ಛಗಳನ್ನು ಹಂಚಿ ಮುಗಿಸಿದ್ದು 2011ರ ಫೆಬ್ರವರಿ 3ರಂದು. ಅದೇ ವರ್ಷದ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದ ವಿಳಾಸ ಹಂಚುವ ಎಪಿನಿಕ್ ತನ್ನ ಕೊನೆಯ ಗುಚ್ಛಕ್ಕೆ ಬಂದು ನಿಂತಿತು. ಆಮೇಲೆ ಬೆಳೆದ ಸೇವಾಸಂಸ್ಥೆಗಳು ಒಂದು ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚತೊಡಗಿದವು. ಇದೇ ಸಿಜಿನ್ಯಾಟ್. ಇದಕ್ಕೆಂದು 100.64.0.0ಯಿಂದ 100.127.255.255ರವರೆಗಿನ ಸಾಲನ್ನು 2012ರಲ್ಲಿ ಮೀಸಲಿಡಲಾಯಿತು. ರೂಟರ್‌ನ ಸ್ಥಿತಿಪುಟದಲ್ಲಿ ಕಾಣುವ ಹೊರವಿಳಾಸ ಈ ಸಾಲಿನದ್ದಾಗಿದ್ದರೆ, ಅಥವಾ ಹೊರಗಿನ ಜಾಲತಾಣ ತೋರಿಸುವ ನಿಮ್ಮ ವಿಳಾಸಕ್ಕೆ ಅದು ಹೊಂದದಿದ್ದರೆ, ಮನೆಯ ರೂಟರ್‌ನಲ್ಲಿ ಎಷ್ಟು ನಿಯಮ ಬರೆದರೂ ಉಪಯೋಗವಿಲ್ಲ. ಕರೆ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಫೈಬರ್ ಪೆಟ್ಟಿಗೆಯೇ ರೂಟರ್ ಆಗಿದ್ದು ಅದರ ಹಿಂದೆ ಇನ್ನೊಂದು ರೂಟರ್ ಇಟ್ಟಿರುವ ಮನೆಗಳಲ್ಲೂ ಇದೇ ಲಕ್ಷಣ ಕಾಣುತ್ತದೆ. ಅಲ್ಲಿ ಒಂದನ್ನು ಬ್ರಿಡ್ಜ್ ಸ್ಥಿತಿಗೆ ತಂದರೆ ಸಾಕು. ಸಿಜಿನ್ಯಾಟ್ ಇದ್ದರೆ ಸೇವಾಸಂಸ್ಥೆಯಿಂದ ಹಣ ಕೊಟ್ಟು ಸ್ಥಿರ ಸಾರ್ವಜನಿಕ ವಿಳಾಸ ಪಡೆಯಬೇಕು.

ಕಿಂಡಿ ತೆಗೆದ ಮೇಲೆ ಅದು ದೂರದ ಮಕ್ಕಳಿಗೆ ಮಾತ್ರ ತೆರೆದಿರುವುದಿಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ರೂಪಿಸಿದ ಜೀಮ್ಯಾಪ್ ಒಂದೇ ಕಂಪ್ಯೂಟರ್‌ನಿಂದ, ವೇಗದ ಸಂಪರ್ಕವಿದ್ದರೆ, ಇಡೀ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು ಮುಕ್ಕಾಲು ಗಂಟೆಯಲ್ಲಿ ತಟ್ಟಿ ನೋಡಬಲ್ಲದು. 2009ರಿಂದ ಇರುವ ಶೋಡಾನ್ ಹೀಗೆ ತೆರೆದ ಉಪಕರಣಗಳನ್ನು ಹುಡುಕಿಕೊಡುವ ಯಂತ್ರ. 'ನಮ್ಮ ಹಳ್ಳಿಮನೆ ಯಾರ ಕಣ್ಣಿಗೆ ಬೀಳುತ್ತದೆ' ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ. ಹುಡುಕುವವರಿಗೆ ಊರುಕೇರಿ ಬೇಕಿಲ್ಲ, ಸಂಖ್ಯೆ ಸಾಕು.

2016ರ ಮಿರಾಯ್ ಎಂಬ ಕುತಂತ್ರಾಂಶ ಇದಕ್ಕೆ ದೊಡ್ಡ ಸಾಕ್ಷಿ. ಕಾರ್ಖಾನೆಯಿಂದ ಬಂದಾಗಿನ ಸುಮಾರು 60 ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು, ದೂರದಿಂದ ಒಳಹೊಗಲು ಬಿಡುವ ಟೆಲ್ನೆಟ್ ಸೇವೆ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಅದು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಅಕ್ಟೋಬರ್ 21ರಂದು ಅವುಗಳ ದಂಡು ಜಾಲತಾಣಗಳ ಹೆಸರಿಗೆ ವಿಳಾಸ ತಿಳಿಸುವ ಡಿನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಕೈಗೆ ಸಿಗಲಿಲ್ಲ. ಮನೆ ಕಾಯಲೆಂದು ಗೋಡೆಗೆ ಹೊಡೆದ ಕಣ್ಣುಗಳು ಪರರ ಕೈಯಲ್ಲಿ ಕಲ್ಲಾದವು.

ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸ. ಆದರೆ ಅಷ್ಟರಿಂದ ನಿಶ್ಚಿಂತೆಯಾಗುವಂತಿಲ್ಲ. 2021ರಲ್ಲಿ ಬೆಳಕಿಗೆ ಬಂದ ಹಿಕ್‌ವಿಷನ್ ದೋಷ ಸಿವಿಇ-2021-36260ರಲ್ಲಿ ಪಾಸ್‌ವರ್ಡೇ ಇಲ್ಲದೆ ಕ್ಯಾಮೆರಾದ ಪೂರ್ತಿ ಹಿಡಿತ ಸಾಧಿಸಬಹುದಿತ್ತು. ಸಂಸ್ಥೆ ತಿದ್ದಿದ ಫರ್ಮ್‌ವೇರ್ ಬಿಟ್ಟಿತು. ಅದನ್ನು ಹಾಕದ ಉಪಕರಣಗಳು ಹಾಗೇ ಉಳಿದವು. ಹೊರಪೋರ್ಟನ್ನು 8000ದ ಬದಲು 48213 ಎಂದಿಟ್ಟರೆ ಹುಡುಕುವವರಿಗೆ ಸ್ವಲ್ಪ ತಡವಾಗುತ್ತದೆ, ಅಷ್ಟೆ. ಉಪಕರಣಗಳು ಯಾರನ್ನೂ ಕೇಳದೆ ತಾವೇ ಕಿಂಡಿ ತೆಗೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ರೂಟರ್‌ನಲ್ಲಿ ಆರಿಸಿಡಬೇಕು. ಕೆಲಸ ಬೇಗ ಮುಗಿಯಲೆಂದು ಡಿವಿಆರನ್ನು ಡಿಎಂಜೆಡ್‌ಗೆ ಹಾಕುವುದಂತೂ ಎಂದೂ ಕೂಡದು: ಕಿಂಡಿಯ ಬದಲು ಗೋಡೆಯನ್ನೇ ಕೆಡವಿದಂತೆ, ಬೇರೆ ನಿಯಮವಿಲ್ಲದ ಅಷ್ಟೂ ಪೋರ್ಟುಗಳಿಗೆ ಬಂದ ಕರೆ ಅದರ ಮೇಲೇ ಬೀಳುತ್ತದೆ. ಭಾರತದಲ್ಲಿ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡುವ ಅಧಿಸೂಚನೆ 2024ರ ಏಪ್ರಿಲ್‌ನಲ್ಲಿ ಹೊರಟು ಮರುವರ್ಷ ಜಾರಿಗೆ ಬಂತು. ಅದಕ್ಕೂ ಮೊದಲೇ ಗೋಡೆಗೇರಿದ ಕ್ಯಾಮೆರಾದ ಹೊಣೆ ಮನೆಯವರದೇ.

ಇಂದು ಮನೆಬಳಕೆಗೆ ಯೋಗ್ಯವಾದ ದಾರಿ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ಜಾಲದೊಳಕ್ಕೆ ಗೂಢಲಿಪಿಯ ಸುರಂಗ. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶವನ್ನು ರೂಟರ್‌ನಲ್ಲೋ ಒಂದು ಸಣ್ಣ ಕಂಪ್ಯೂಟರ್‌ನಲ್ಲೋ ನಡೆಸಿದರೆ ತೆರೆಯಬೇಕಾದದ್ದು ಒಂದೇ ಯುಡಿಪಿ ಪೋರ್ಟ್, ರೂಢಿಯಲ್ಲಿ 51820. ಸರಿಯಾದ ಬೀಗದಕೈ ಇಲ್ಲದ ಕರೆಗೆ ಅದು ಓಗೊಡುವುದೇ ಇಲ್ಲ. ತಟ್ಟಿದವರಿಗೆ ಅಲ್ಲೊಂದು ಬಾಗಿಲಿದೆಯೆಂಬ ಸುಳಿವೂ ಸಿಗದು. ಡಿವಿಆರ್ ಮೇಲಿನ ಕ್ಯೂಆರ್ ಸಂಕೇತ ತೋರಿಸಿ ನಡೆಸುವ ಪಿಟುಪಿ ಸೇವೆಯಲ್ಲಿ ಉಪಕರಣವೇ ಹೊರಗಿನ ಸರ್ವರ್ ಜೊತೆ ಸಂಪರ್ಕ ಹಿಡಿದಿರುವುದರಿಂದ ಸಿಜಿನ್ಯಾಟ್ ಕೂಡ ಅಡ್ಡಿಯಾಗದು, ಆದರೆ ಆ ಸಂಸ್ಥೆಯನ್ನು ನಂಬಬೇಕು. ಯಾವ ದಾರಿ ಹಿಡಿದರೂ ಊರಿನ ಸಂಪರ್ಕದ ಅಪ್‌ಲೋಡ್ ವೇಗ ನೋಡಿಕೊಂಡು, ಪೂರ್ಣ ಎಚ್‌ಡಿ ಬದಲು ಕಡಿಮೆ ಸ್ಪಷ್ಟತೆಯ ಸಬ್‌ಸ್ಟ್ರೀಮ್ ಆಯ್ದುಕೊಂಡರೆ ಚಿತ್ರ ತಡವರಿಸುವುದಿಲ್ಲ.

ಐಪಿವಿ6ರಲ್ಲಿ ವಿಳಾಸದ ಬರವಿಲ್ಲ, ಪ್ರತಿ ಉಪಕರಣಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಸಿಗುತ್ತದೆ. ಅಲ್ಲಿ ಫಾರ್ವರ್ಡಿಂಗ್ ಬದಲು ಫೈರ್‌ವಾಲ್‌ನಲ್ಲಿ ಅನುಮತಿ ಬರೆಯಬೇಕು, ಅಪಾಯ ಅದೇ. ಕೊನೆಗೊಂದು ಎಚ್ಚರ: ಡಿವಿಆರ್ ಕೆಟ್ಟು ಹೊಸದು ಬಂದರೂ ಹಳೆಯ ನಿಯಮ ತಾನಾಗಿ ಅಳಿಯುವುದಿಲ್ಲ. ಮುಂದೆ 192.168.1.50 ಯಾವ ಉಪಕರಣಕ್ಕೆ ಸಿಕ್ಕಿದರೂ ಕಿಂಡಿ ಅದರತ್ತ ತೆರೆದಿರುತ್ತದೆ, ಆದ್ದರಿಂದ ಹಳೆಯ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿದ ದಿನವೇ ರೂಟರ್‌ನಲ್ಲಿದ್ದ ಅದರ ಸಾಲನ್ನೂ ಅಳಿಸಬೇಕು.