ಸೆರೆಮನೆಯ ಹಸ್ತಪ್ರತಿ

ಕಾಶಿಯ ಆಚೆ ದಡದ ರಾಮನಗರದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಬಾಳಿದ ಮನೆ ಇಂದು ವಸ್ತುಸಂಗ್ರಹಾಲಯ. ಬ್ರಿಟಿಷರ ಸೆರೆಯಲ್ಲಿದ್ದಾಗ ಅವರು ಮೇರಿ ಕ್ಯೂರಿಯ ಜೀವನಚರಿತ್ರೆಯನ್ನು ಹಿಂದಿಗೆ ಅನುವಾದಿಸಿದ್ದರು. ಅವರೇ ಪ್ರಧಾನಿಯಾಗಿದ್ದಾಗ ಇನ್ನೊಬ್ಬ ಬಂಧಿತನ ವಿಜ್ಞಾನಗ್ರಂಥವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

1962ರ ತುರ್ತುಪರಿಸ್ಥಿತಿಯಲ್ಲಿ ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದ ಪ್ರಭಾಕರ ಸಂಝಗಿರಿ, ಮುಂಬಯಿಯ ಸೆರೆಯಲ್ಲಿ ಪರಮಾಣುವಿನ ಕುರಿತು ಮರಾಠಿಯಲ್ಲಿ ‘ಅಣೂಚ್ಯಾ ಅಂತರಂಗಾತ್’ ಎಂಬ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಪ್ರಕಟಣೆಗಾಗಿ ಹೊರಗೆ ಕಳುಹಿಸಲು ಮಹಾರಾಷ್ಟ್ರ ಸರ್ಕಾರ ಒಪ್ಪಲಿಲ್ಲ. ಹೈಕೋರ್ಟ್ ಸಂಝಗಿರಿಯವರ ಪರ ತೀರ್ಪಿತ್ತಾಗ ಸರ್ಕಾರ ಮೇಲ್ಮನವಿ ಸಲ್ಲಿಸಿತು. ನಿಯಮಗಳು ಹೆಸರಿಸಿದ ಸೌಲಭ್ಯಗಳಷ್ಟೇ ಬಂಧಿತನಿಗೆ ಸಲ್ಲತಕ್ಕವು; ಪುಸ್ತಕ ಪ್ರಕಟಣೆ ಅವುಗಳಲ್ಲಿಲ್ಲ ಎಂಬುದು ಅದರ ವಾದ. ಹಾಗಾದರೆ ನಿಯಮದಲ್ಲಿ ಊಟದ ಮಾತಿಲ್ಲದಿದ್ದರೆ ಬಂಧಿತನನ್ನು ಉಪವಾಸ ಕೊಲ್ಲಬಹುದೆಂದಾಗುತ್ತದೆ ಎಂದು ನ್ಯಾಯಮೂರ್ತಿ ಸುಬ್ಬರಾವ್ ಆ ವಾದವನ್ನು ತಳ್ಳಿಹಾಕಿದರು.

ಮೇಲ್ಮನವಿ ವಜಾಗೊಂಡದ್ದು 1965ರ ಸೆಪ್ಟೆಂಬರ್ 6ರಂದು. ನಮ್ಮ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿದ ದಿನ. ಮೂಲಭೂತ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ರಾಷ್ಟ್ರಪತಿಯ ಆಜ್ಞೆ ಮೊಟಕುಗೊಳಿಸಿದ್ದರೂ, ಕಾನೂನಿನ ಆಧಾರವೇ ಇಲ್ಲದ ನಿರ್ಬಂಧಕ್ಕೆ ಆ ಆಜ್ಞೆಯ ರಕ್ಷೆಯಿಲ್ಲ ಎಂದಿತು ಪೀಠ. 1976ರ ಜಬಲ್‌ಪುರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬಂಧಿತರಿಗೆ ಬಾಗಿಲು ಮುಚ್ಚಿತು. ಯುದ್ಧದ ನಡುವೆಯೂ ಉಳಿದಿದ್ದ ಹಕ್ಕು ಯುದ್ಧವಿಲ್ಲದ ಕಾಲದಲ್ಲಿ ಉಳಿಯಲಿಲ್ಲ.