ಗಡಿಯಾರದಂತೆ ಬಡಿಯದ ಹೃದಯ

ಹೃದಯ ಗಡಿಯಾರದ ಹಾಗೆ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ಆರೋಗ್ಯ ಚೆನ್ನಾಗಿದೆ ಅಂತ ನೀವೂ ಅಂದುಕೊಂಡಿದ್ದೀರಾ? ವಿಷಯ ಉಲ್ಟಾ!

ಉಸಿರು ಎಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಇದನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ದಾಖಲಿಸಿದ್ದ. ಗಾಡಿ ಹೊಡೆಯುವವನು ಏರು ಬಂದರೆ ಬಾರುಕೋಲು ಎತ್ತುತ್ತಾನೆ, ಇಳಿಜಾರಲ್ಲಿ ಹಗ್ಗ ಜಗ್ಗುತ್ತಾನೆ. ಹೃದಯಕ್ಕೂ ಹಾಗೇ ಎರಡು ಬಗೆಯ ನರಗಳು. ಹೃದಯಾಘಾತದ ನಂತರ ಹಗ್ಗ ಜಗ್ಗುವ ವೇಗಸ್ ನರದ ಹಿಡಿತ ಸಡಿಲವಾದರೆ ಬಡಿತದ ಏರಿಳಿತವೂ ಕುಗ್ಗುತ್ತದೆ.

1978ರಲ್ಲಿ ಮೆಲ್ಬರ್ನಿನ ವುಲ್ಫ್ ಮತ್ತು ಸಂಗಡಿಗರು ಹೃದಯಾಘಾತವಾದ 176 ಜನರನ್ನು ಗಮನಿಸಿದರು. ಏರಿಳಿತ ಇದ್ದವರಲ್ಲಿ ಆಸ್ಪತ್ರೆಯೊಳಗಿನ ಸಾವು ಕಡಿಮೆಯಿತ್ತು. ನಿಜವಾದ ಲೆಕ್ಕ ಬಂದದ್ದು 1987ರಲ್ಲಿ, ಅಮೆರಿಕದ ರಾಬರ್ಟ್ ಕ್ಲೈಗರ್ ತಂಡದಿಂದ. (ನಮ್ಮ ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಶುರುವಾಗಿ ಆಗ ಒಂದೇ ವರ್ಷ.) ಹೃದಯಾಘಾತದಿಂದ ಬದುಕುಳಿದ 808 ಜನರಿಗೆ 24 ಗಂಟೆ ಹೋಲ್ಟರ್ ಯಂತ್ರ ಕಟ್ಟಿ, ಬಡಿತಗಳ ನಡುವಿನ ಅಂತರದ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದರು. ಹೌದು ಸ್ವಾಮಿ, ನಾವು ಪಾಸಾಗೋಕೆ ಉರು ಹೊಡೆದ ಅದೇ ಫಾರ್ಮುಲಾ! ಅದು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಿಗೆ ಸಾವಿನ ಅಪಾಯ, 100 ದಾಟಿದವರಿಗಿಂತ 5.3 ಪಟ್ಟು. ನೆಟ್‌ವರ್ಕಿನಲ್ಲಿ ಜಿಟರ್ ಕಂಡರೆ ಬೈಯುವ ನಮ್ಮಂಥವರಿಗೆ ಇದು ವಿಚಿತ್ರವೇ.

ಸರಿ, ಅಪಾಯ ಗೊತ್ತಾಯ್ತು, ತಪ್ಪಿಸಬಹುದಾ? 2004ರಲ್ಲಿ ಪ್ರಕಟವಾದ ಡೈನಾಮಿಟ್ ಅಧ್ಯಯನ ಕೇಳಿದ್ದು ಅದನ್ನೇ. ಹೃದಯದ ಪಂಪಿನ ಬಲ ತಗ್ಗಿ, ಏರಿಳಿತವೂ ಕುಗ್ಗಿದ್ದ ಅಥವಾ ಬಡಿತವೇ ಜೋರಾಗಿದ್ದ 674 ಜನರಲ್ಲಿ ಸುಮಾರು ಅರ್ಧ ಮಂದಿಗೆ, ಲಯ ತಪ್ಪಿದರೆ ಶಾಕ್ ಕೊಡುವ ಯಂತ್ರ ಅಳವಡಿಸಿದರು. ಲಯ ತಪ್ಪಿ ಸಾಯುವವರು ಕಡಿಮೆಯಾದರು. ಆದರೆ ಬೇರೆ ಕಾರಣದ ಸಾವು ಹೆಚ್ಚಿ, ಒಟ್ಟು ಲೆಕ್ಕ ಅಲ್ಲಿಗಲ್ಲಿಗೇ. ಸಂಖ್ಯೆ ಅಪಾಯ ಹೇಳುತ್ತೆ, ಮದ್ದು ಹೇಳಲ್ಲ. ಈಗಿನ ಸ್ಮಾರ್ಟ್‌ವಾಚುಗಳೂ ಎಚ್‌ಆರ್‌ವಿ ಅಂತ ಒಂದು ಅಂಕಿ ತೋರಿಸುತ್ತವೆ. ಅದನ್ನು ಕ್ಲೈಗರ್‌ನ 24 ಗಂಟೆಯ ಲೆಕ್ಕಕ್ಕೆ ಹೋಲಿಸಿ ಗಾಬರಿಯಾಗಬೇಡಿ ಮತ್ತೆ.

ನನಗೆ ಕಾಡುವುದು ಇನ್ನೊಂದು. ಆ 808 ಜನ ಎಲ್ಲರೂ ಮೊದಲ ಏಟು ತಡೆದುಕೊಂಡು ಯಂತ್ರ ಕಟ್ಟಿಸಿಕೊಳ್ಳುವ ತನಕ ಬದುಕಿದ್ದವರು. ಕೆ.ಆರ್.ಪೇಟೆಯಲ್ಲಿ ಎದೆನೋವು ಬಂದರೆ ಮೈಸೂರಿನ ಜಯದೇವ ಐವತ್ತು ಕಿಲೋಮೀಟರಿಗೂ ಆಚೆ. ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಅಷ್ಟು ದೂರವಿಲ್ಲ, ಪುಣ್ಯ. 2024ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ನಮ್ಮ ಕಡೆಯ ಎಷ್ಟು ಮನೆಗಳಿಗೆ ಇದು ಗೊತ್ತು? ಊರಿಗೆ ಫೋನ್ ಮಾಡಿದಾಗ ಒಂದು ಮಾತು ಹೇಳಿ.