ಗೋಡೆ, ಹಲಗೆ, ಬಟ್ಟೆ: ರಿನೈಸಾನ್ಸ್ ಕಾಲದ ಮಹಾಚಿತ್ರಗಳು

ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಇಟಲಿಯಲ್ಲೂ ಯುರೋಪಿನ ಉತ್ತರದ ನಾಡುಗಳಲ್ಲೂ ಚಿತ್ರಕಲೆ ಹೊಸ ಹುಟ್ಟು ಪಡೆಯಿತು. ಇತಿಹಾಸಕಾರರು ಈ ಕಾಲವನ್ನು ಪುನರುಜ್ಜೀವನ ಅಥವಾ ರಿನೈಸಾನ್ಸ್ ಎಂದು ಕರೆದರು. ಪ್ರಾಚೀನ ಗ್ರೀಕ್, ರೋಮನ್ ವಿದ್ಯೆಯ ಮರುಓದು, ಮನುಷ್ಯ ದೇಹದ ಅಧ್ಯಯನ, ರೇಖಾಗಣಿತ ಇವೆಲ್ಲ ಕಲಾವಿದರಿಗೆ ನೆರವಾದವು. ವರ್ತಕರು, ಅರಸರು, ಪೋಪರು ಹಣ ಕೊಟ್ಟು ಚಿತ್ರ ಬರೆಸಿದರು. ಈ ಚಿತ್ರಗಳ ಮಾತು ಬಂದಾಗ ಕಲಾವಿದರ ಪ್ರತಿಭೆಯೇ ಮುಂದೆ ನಿಲ್ಲುತ್ತದೆ. ಅವರು ಯಾವುದರ ಮೇಲೆ, ಎಂಥ ಬಣ್ಣದಲ್ಲಿ ಬರೆದರು ಎಂಬುದೂ ಅಷ್ಟೇ ಮುಖ್ಯ. ಚಿತ್ರದ ಚೆಲುವು, ಆಯುಷ್ಯ ಎರಡನ್ನೂ ನಿರ್ಧರಿಸಿದ್ದು ಅದೇ.

## ಹಸಿ ಗಾರೆಯ ಚಿತ್ರಗಳು

ಸುಣ್ಣ, ಮರಳು ಕಲಸಿದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚುವ ವಿಧಾನಕ್ಕೆ ಫ್ರೆಸ್ಕೊ ಎಂದು ಹೆಸರು. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ಬಣ್ಣ ಗೋಡೆಯ ಭಾಗವೇ ಆಗಿಬಿಡುತ್ತದೆ. ಒಂದು ದಿನಕ್ಕೆ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಿದ್ದರು. ತಪ್ಪಿದರೆ ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಬರೆಯಬೇಕಿತ್ತು.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚೊ ಸುಮಾರು 1427ರಲ್ಲಿ ಬರೆದ 'ಪವಿತ್ರ ತ್ರಿತ್ವ' ಇಂಥದ್ದೇ ಗೋಡೆಚಿತ್ರ. ಸಮತಟ್ಟು ಗೋಡೆಯ ಒಳಗೆ ಕಮಾನಿನ ಚಾವಣಿಯ ಕೋಣೆಯೊಂದು ಇರುವಂತೆ ಕಾಣುತ್ತದೆ. ರೇಖೆಗಳೆಲ್ಲ ದೂರದ ಒಂದೇ ಬಿಂದುವಿನಲ್ಲಿ ಕೂಡುವ ಪರ್ಸ್‌ಪೆಕ್ಟಿವ್ ನಿಯಮವನ್ನು ಇಷ್ಟು ಕರಾರುವಾಕ್ಕಾಗಿ ಬಳಸಿದ ಮೊದಲ ಚಿತ್ರಗಳಲ್ಲಿ ಇದೊಂದು. ಮುಂದಿನ ವರ್ಷವೇ ಮಸಾಚೊ ತೀರಿಕೊಂಡ. ಅವನಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಫ್ರೆಸ್ಕೊ ಕಲೆಯ ಶಿಖರ ರೋಮ್ ನಗರದೊಳಗಿರುವ ವ್ಯಾಟಿಕನ್‌ನಲ್ಲಿದೆ. ಪೋಪ್ ಎರಡನೆಯ ಜೂಲಿಯಸ್ 1508ರಲ್ಲಿ ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಮೈಕೆಲೆಂಜೆಲೊಗೆ ಒಪ್ಪಿಸಿದ. ತಾನು ಶಿಲ್ಪಿ ಎಂದೇ ಹೇಳಿಕೊಳ್ಳುತ್ತಿದ್ದ ಮೈಕೆಲೆಂಜೆಲೊ ಹಿಂಜರಿಯುತ್ತಲೇ ಒಪ್ಪಿದ. ಆರಂಭದಲ್ಲೇ ಗಾರೆಗೆ ಬೂಷ್ಟು ಹಿಡಿಯಿತು. ಅದನ್ನೂ ದಾಟಿ, ಅಟ್ಟಣೆಯ ಮೇಲೆ ನಿಂತು ಕತ್ತು ಹಿಂದಕ್ಕೆ ಬಾಗಿಸಿ, 1512ರಲ್ಲಿ ಕೆಲಸ ಮುಗಿಸಿದ. ಮಲಗಿಕೊಂಡೇ ಬರೆದ ಎಂಬ ಪ್ರಸಿದ್ಧ ಕತೆ ನಿಜವಲ್ಲ. ಇದೇ ಚಾಪೆಲ್‌ನ ಗೋಡೆಯ ಮೇಲೆ 'ಅಂತಿಮ ತೀರ್ಪು' ಚಿತ್ರವನ್ನು ಅವನು ಬರೆದದ್ದು 1536ರಿಂದ 1541ರ ನಡುವೆ.

ಚಾವಣಿಯ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ, ಅಲ್ಲೇ ಹತ್ತಿರದ ಕೋಣೆಯಲ್ಲಿ, ರಫೇಲ್ 'ಅಥೆನ್ಸಿನ ವಿದ್ಯಾಶಾಲೆ'ಯನ್ನು ಬರೆಯುತ್ತಿದ್ದ. ನಡುವೆ ಆಕಾಶದತ್ತ ಬೆರಳು ತೋರುವ ಪ್ಲೇಟೊ, ಪಕ್ಕದಲ್ಲಿ ಕೈಯನ್ನು ಮುಂದಕ್ಕೆ ಚಾಚಿದ ಅರಿಸ್ಟಾಟಲ್. ಮೆಟ್ಟಿಲ ಬಳಿ ಒಬ್ಬನೇ ಯೋಚಿಸುತ್ತ ಕೂತ ವ್ಯಕ್ತಿಯಲ್ಲಿ ಮೈಕೆಲೆಂಜೆಲೊನ ಚಹರೆಯನ್ನು ವಿದ್ವಾಂಸರು ಗುರುತಿಸುತ್ತಾರೆ. ಮಿಲಾನಿನಲ್ಲಿ ಉಳಿದಿರುವ ಪೂರ್ವಭಾವಿ ರೇಖಾಚಿತ್ರದಲ್ಲಿ ಈ ವ್ಯಕ್ತಿ ಇಲ್ಲ. ಅವನನ್ನು ರಫೇಲ್ ಆಮೇಲೆ ಸೇರಿಸಿದ.

## ಒಣ ಗೋಡೆಯ ದುರಂತ

ಮಿಲಾನಿನ ಸಾಂತಾ ಮರಿಯಾ ಡೆಲ್ಲೆ ಗ್ರಾಜಿಯೆ ಮಠದ ಊಟದ ಮನೆಯಲ್ಲಿ ಲಿಯೊನಾರ್ಡೊ ಡಾ ವಿಂಚಿ 'ಕೊನೆಯ ಭೋಜನ'ವನ್ನು ಬರೆದದ್ದು ಸುಮಾರು 1495ರಿಂದ 1498ರ ಅವಧಿಯಲ್ಲಿ. ಶಿಷ್ಯರಲ್ಲೊಬ್ಬ ತನಗೆ ದ್ರೋಹ ಬಗೆಯುತ್ತಾನೆಂದು ಏಸು ನುಡಿದ ಕ್ಷಣ ಅದು. ಹನ್ನೆರಡು ಶಿಷ್ಯರು ಮೂವರು ಮೂವರಾಗಿ ಗುಂಪುಗೂಡಿ ತಲ್ಲಣಿಸುತ್ತಾರೆ.

ನಿಧಾನವಾಗಿ ಬರೆದು ತಿದ್ದುವುದು ಲಿಯೊನಾರ್ಡೊನ ಸ್ವಭಾವ. ಹಸಿ ಗಾರೆಯ ಅವಸರ ಅವನಿಗೆ ಒಗ್ಗಲಿಲ್ಲ. ಹಾಗಾಗಿ ಒಣಗಿದ ಗೋಡೆಯ ಮೇಲೆಯೇ ಬರೆದ. ಬಣ್ಣ ಗೋಡೆಗೆ ಕಚ್ಚಿಕೊಳ್ಳದೆ ಅವನ ಜೀವಿತಕಾಲದಲ್ಲೇ ಉದುರತೊಡಗಿತು. 1652ರಲ್ಲಿ ಗೋಡೆಯಲ್ಲಿ ಬಾಗಿಲು ಕೊರೆದಾಗ ಏಸುವಿನ ಪಾದಗಳ ಭಾಗವೇ ಹೋಯಿತು. 1943ರ ಬಾಂಬ್ ದಾಳಿಯಲ್ಲಿ ಊಟದ ಮನೆ ಕುಸಿದರೂ, ಮರಳಿನ ಚೀಲಗಳ ಆಸರೆ ಪಡೆದಿದ್ದ ಈ ಗೋಡೆ ಉಳಿಯಿತು. 1999ರಲ್ಲಿ ಮುಗಿದ ಸಂರಕ್ಷಣಾ ಕಾರ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

## ಹಲಗೆ ಮತ್ತು ಎಣ್ಣೆಯ ಬಣ್ಣ

ಮೊಟ್ಟೆಯ ಹಳದಿಯಲ್ಲಿ ಕಲಸಿದ ಟೆಂಪೆರಾ ಬಣ್ಣ ಬೇಗ ಒಣಗುತ್ತದೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುವುದರಿಂದ ತೆಳು ಪದರಗಳನ್ನು ಒಂದರ ಮೇಲೊಂದು ಹಚ್ಚಿ ಬೆಳಕು ಒಳಗಿಂದ ಹೊಮ್ಮುವಂತೆ ಮಾಡಬಹುದು. ಎಣ್ಣೆಬಣ್ಣವನ್ನು ಮೊದಲು ಪರಿಪೂರ್ಣತೆಗೆ ಒಯ್ದವರಲ್ಲಿ ಅಗ್ರಗಣ್ಯ ಬ್ರೂಜ್ ನಗರದ ಯಾನ್ ವಾನ್ ಐಕ್. ಓಕ್ ಹಲಗೆಯ ಮೇಲೆ 1434ರಲ್ಲಿ ಅವನು ಬರೆದ 'ಆರ್ನೊಲ್ಫಿನಿ ದಂಪತಿ' ಚಿತ್ರದ ಹಿನ್ನೆಲೆಯಲ್ಲಿ ಉಬ್ಬುಗನ್ನಡಿಯೊಂದಿದೆ. ಆ ಪುಟ್ಟ ಕನ್ನಡಿಯಲ್ಲಿ ದಂಪತಿಯ ಬೆನ್ನು, ಕಿಟಕಿ, ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಾಣುತ್ತಾರೆ.

ಇದೇ ಮಾಧ್ಯಮ ಲಿಯೊನಾರ್ಡೊಗೆ ಮೊನಾಲಿಸಾಳಲ್ಲಿ ಒಲಿಯಿತು. ಸುಮಾರು 1503ರಲ್ಲಿ ಶುರುವಾದ ಈ ಚಿತ್ರ ಪಾಪ್ಲರ್ ಮರದ ಹಲಗೆಯ ಮೇಲಿದೆ. ಅಳತೆ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಚಿತ್ರದಲ್ಲಿರುವವಳು ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿಯ ಹೆಂಡತಿ ಲಿಸಾ ಗೆರಾರ್ದಿನಿ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ತುಟಿಯಂಚು, ಕಣ್ಣಂಚುಗಳಲ್ಲಿ ಗೆರೆಯೇ ಕಾಣದಂತೆ ನೆರಳು ಬೆಳಕನ್ನು ಬೆರೆಸಿದ ಈ ತಂತ್ರ ಸ್ಫುಮಾಟೊ. ಆ ನಗು ಹಿಡಿತಕ್ಕೆ ಸಿಗದಿರಲು ಇದೇ ಕಾರಣ. 1911ರಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಿಂದ ಕಳುವಾದ ಚಿತ್ರ 1913ರ ಕೊನೆಯಲ್ಲಿ ಫ್ಲಾರೆನ್ಸಿನಲ್ಲಿ ಸಿಕ್ಕಿತು. ಅದರ ಖ್ಯಾತಿಯನ್ನು ಜನಸಾಮಾನ್ಯರವರೆಗೆ ಒಯ್ದದ್ದು ಆ ಕಳ್ಳತನದ ಸುದ್ದಿ.

## ಬಟ್ಟೆಯ ಮೇಲೆ

ಬೊಟ್ಟಿಚೆಲ್ಲಿ 1480ರ ದಶಕದಲ್ಲಿ 'ವೀನಸ್ಸಿನ ಜನನ'ವನ್ನು ಟೆಂಪೆರಾ ಬಣ್ಣದಲ್ಲಿ ಕ್ಯಾನ್ವಾಸಿನ ಮೇಲೆ ಬರೆದ. ದೊಡ್ಡ ಚಿತ್ರಗಳಿಗೆ ಹಲಗೆಯೇ ರೂಢಿಯಲ್ಲಿದ್ದ ಫ್ಲಾರೆನ್ಸಿನಲ್ಲಿ ಇದು ಹೊಸ ನಡೆ. ವೆನಿಸ್ಸಿನಲ್ಲಿ ಕ್ಯಾನ್ವಾಸ್ ಅನಿವಾರ್ಯವೇ ಆಗಿತ್ತು: ಕಡಲ ತೇವದಲ್ಲಿ ಗೋಡೆಚಿತ್ರ ಬಾಳುತ್ತಿರಲಿಲ್ಲ, ಹಾಯಿಬಟ್ಟೆಗೆ ಕೊರತೆ ಇರಲಿಲ್ಲ. ಟಿಷಿಯನ್ನನ 'ಬಾಕಸ್ ಮತ್ತು ಅರಿಯಾಡ್ನೆ' (1520–23) ಆ ಪರಂಪರೆಯದು. ಅದರ ಆಕಾಶದ ಗಾಢ ನೀಲಿ ಆಫ್ಘಾನಿಸ್ತಾನದ ಗಣಿಗಳ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತಯಾರಿಸಿದ ಬಣ್ಣ.

## ಇಂದು ಎಲ್ಲಿವೆ?

ಬೊಟ್ಟಿಚೆಲ್ಲಿಯ ವೀನಸ್ ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿ, ವಾನ್ ಐಕ್ ಮತ್ತು ಟಿಷಿಯನ್ನರ ಚಿತ್ರಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, ಮೊನಾಲಿಸಾ ಲೂವ್ರ್‌ನಲ್ಲಿ ಇವೆ. ಗೋಡೆಚಿತ್ರಗಳನ್ನು ನೋಡಲು ಅವು ಹುಟ್ಟಿದ ಜಾಗಕ್ಕೇ ಹೋಗಬೇಕು. 'ಕೊನೆಯ ಭೋಜನ'ಕ್ಕೆ ಮುಂಗಡ ಟಿಕೆಟ್ ಬೇಕು, ಒಂದು ತಂಡಕ್ಕೆ ಸಿಗುವುದು ಹದಿನೈದು ನಿಮಿಷ. ಪುಸ್ತಕದಲ್ಲಾಗಲಿ ಪರದೆಯ ಮೇಲಾಗಲಿ ಈ ಚಿತ್ರಗಳನ್ನು ನೋಡುವಾಗ, ಕೆಳಗೆ ಸಣ್ಣಕ್ಷರದಲ್ಲಿ ಕೊಟ್ಟಿರುವ ಅಳತೆ ಮತ್ತು ಮಾಧ್ಯಮದ ಸಾಲನ್ನು ತಪ್ಪದೆ ಓದಿ. ಚಿತ್ರಕಾರನ ಅರ್ಧ ಶ್ರಮ ಅಲ್ಲಿ ದಾಖಲಾಗಿರುತ್ತದೆ.